ಎರಡನೆಯ ಸೂಜಿ

ಚಿಗಳ್ಳಿಯ ಲಗಮಪ್ಪನಿಗೆ ವೈದ್ಯಕೀಯ ಕಲಿಸಿದವರು ಯಾರೆಂದು ಊರಲ್ಲಿ ಯಾರೂ ಕೇಳಿರಲಿಲ್ಲ. ಹುಬ್ಬಳ್ಳಿಯ ಯಾವುದೋ ದವಾಖಾನೆಯಲ್ಲಿ ನಾಲ್ಕು ವರ್ಷ ಕಸ ಹೊಡೆದು ಬಂದವನು ರೆಕ್ಸಿನ್ ಚೀಲ ಹಿಡಿದ ದಿನವೇ ಡಾಕ್ಟರ್ ಆಗಿಬಿಟ್ಟ. ಮಾತು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ಅದೇ ಊರಿನ ಗುರುಸಿದ್ದವ್ವನಿಗೆ ತವರಲ್ಲಿ ಅಣ್ಣತಮ್ಮಂದಿರಿಲ್ಲ. ನಾಗರ ಪಂಚಮಿಗೆ ಉಂಡಿ ಕಟ್ಟಿದರೆ ಅಣ್ಣನ ಪಾಲೆಂದು ಮೊದಲು ಕೊಡುತ್ತಿದ್ದುದು ಇವನಿಗೇ.

ಒಂದು ವರ್ಷ ಅವಳ ಗಂಡ ಅಡಿವೆಯ್ಯನಿಗೆ ಮೂರು ದಿನವಾದರೂ ಜ್ವರ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಲಗಮಪ್ಪ ನರಕ್ಕೇ ಸೂಜಿ ಮಾಡಿದ. ಆಗಲೂ ಮೈ ಸುಡುವುದು ನಿಲ್ಲದಿದ್ದಾಗ ತಾನೇ ಟೆಂಪೊ ಕರೆಸಿ ಮುಂಡಗೋಡದ ಆಸ್ಪತ್ರೆಗೆ ಹೊರಡಿಸಿದ, ತಾನೂ ಜೊತೆಗೆ ಹತ್ತಿದ.

"ತಂಗೆವ್ವ, ನಾ ಸೂಜಿ ಮಾಡೇನಂತ ಅಲ್ಲಿ ಹೇಳಬ್ಯಾಡ. ನನ್ನ ಹೊಟ್ಟಿ ಮ್ಯಾಲೆ ಹೊಡಿತಾರ. ಲಿಂಗ ಮುಟ್ಟಿ ಆಣಿ ಮಾಡು," ಎಂದ. ಟೆಂಪೊದಲ್ಲಿ ಮಲಗಿದ್ದ ಅಡಿವೆಯ್ಯನೂ ಹೂಂ ಎಂದ. ಅವಳು ಕೊರಳಿನ ಲಿಂಗ ಮುಟ್ಟಿದಳು.

ಆಸ್ಪತ್ರೆಯ ಡಾಕ್ಟರ್ ಮೊದಲು ಕೇಳಿದ್ದೇ ಅದನ್ನು. "ಊರಾಗ ಏನರ ಔಷಧ ಕೊಟ್ಟಾರೇನವ್ವ?"

"ಏನೂ ಇಲ್ರಿ."

ನರ್ಸ್ ಜ್ವರದ ಮದ್ದನ್ನು ನರದಲ್ಲಿ ಬಿಟ್ಟಳು. ಅರ್ಧ ತಾಸಿನಲ್ಲಿ ಜ್ವರದ ಜೊತೆ ಬಿಪಿಯೂ ಇಳಿಯಿತು. ಅಡಿವೆಯ್ಯನ ಅಂಗಿ ಬೆವರಿಗೆ ತೊಯ್ದು, ಕೈಕಾಲು ತಣ್ಣಗಾಗಿ, ಕರೆದರೆ ಅವನು ಓಗೊಡದಾದ. ಮಂಚದ ಕಾಲ ಕಡೆ ಎತ್ತಿ ಸಲಾಯಿನ್ ಜೋರಾಗಿ ಬಿಟ್ಟರು.

"ಈ ಮದ್ದಿಗೆ ಬಿಪಿ ಒಮ್ಮೊಮ್ಮೆ ಇಳಿತೈತಿ, ಆದ್ರ ಇಷ್ಟು ಇಳಿಬಾರದು," ಎಂದರು ಡಾಕ್ಟರ್. "ಮೊದಲ ಏನರ ಕೊಟ್ಟಿದ್ರ ಹೇಳ್ರಿ. ಗೊತ್ತಾಗದ ನಾ ಮುಂದಿಂದು ಹೆಂಗ ಕೊಡಲಿ?"

ಗುರುಸಿದ್ದವ್ವ ಹೊರಗೆ ಓಡಿದಳು. ಲಗಮಪ್ಪ ಚೀಲ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದ. "ಅಣ್ಣಾ, ನನ್ನ ಬಾಯಿ ನೀನ ಕಟ್ಟೀದಿ, ನೀನ ಬಂದು ಹೇಳು," ಎಂದು ರಟ್ಟೆ ಹಿಡಿದು ಒಳಗೆ ಕರೆತಂದಳು.

ಅವನು ಡಾಕ್ಟರ ಮುಂದೆ ಕೈ ಮುಗಿದ. "ನಾ ಇವರ ಊರವ ರೀ, ಜೋಡಿಲೆ ಬಂದೇನಿ. ಸೂಜಿ ಗೀಜಿ ನನಗೇನ ಗೊತ್ತು? ತಂಗಿ ಹೆದರಿ ಏನೇನರ ಅಂತಾಳ."

ಗುರುಸಿದ್ದವ್ವ ಅವನ ರಟ್ಟೆ ಬಿಟ್ಟಳು. ಇಷ್ಟು ವರ್ಷ ತನ್ನ ಉಂಡಿ ತಿಂದ ಬಾಯಿ ಅದು. ಗಂಡನ ಜೀವಕ್ಕಿಂತ ಇವನ ಮಾನ ಹೆಚ್ಚೆಂದು ಬಗೆದೆನಲ್ಲ ಎಂದು ತನ್ನ ಮೇಲೂ ಹೇಸಿಗೆಯಾಯಿತು. ಅವನ ಚೀಲ ಕಸಿದು ಮೇಜಿನ ಮೇಲೆ ಬೋರಲು ಹಾಕಿದಳು. ಖಾಲಿ ಬಾಟಲಿಗಳು ಉರುಳಿದವು. ಬೆಳಿಗ್ಗೆ ಕಂಡದ್ದನ್ನು ಗುರುತಿಸಿ ಎತ್ತಿ ಹಿಡಿದಳು.

"ಇದನ್ನ ಮುಂಜಾನೆ ಒಂಬತ್ತಕ್ಕ ಮಾಡ್ಯಾನ್ರಿ, ನರಕ್ಕ. ಗಂಡನ ಕೈ ಹಿಡಕೊಂಡಾಕಿ ನಾನ."

ಡಾಕ್ಟರ್ ಬಾಟಲಿಯ ಮೇಲಿನ ಹೆಸರು ಓದಿದರು. ಅದೇ ಮದ್ದು, ದುಪ್ಪಟ್ಟು ಬಿದ್ದಿತ್ತು. ಏನೆಂದು ಗೊತ್ತಾದ ಮೇಲೆ ಅವರು ತಡಮಾಡದೆ ಬಿಪಿ ಏರಿಸುವ ಮದ್ದು ಹಚ್ಚಿದರು. ಈ ಗಡಿಬಿಡಿಯಲ್ಲಿ ಲಗಮಪ್ಪ ಹೊರಬಿದ್ದು, ಆಸ್ಪತ್ರೆಯ ಮುಂದಿನ ಸಂತೆಯ ಜನರಲ್ಲಿ ಸೇರಿಕೊಂಡು ಮಾಯವಾದ.

ಸಂಜೆಗೆ ಬಿಪಿ ಏರಿತು. ಅಡಿವೆಯ್ಯ ಕಣ್ಣು ಬಿಟ್ಟಾಗ ನರ್ಸ್ ಅವನಿಗೆ ನಡೆದದ್ದನ್ನೆಲ್ಲ ಹೇಳಿದಳು, ನಿಮ್ಮ ಮನೆಯವರೇ ಉಳಿಸಿದರು ಎಂದಳು. ಅವನು ಹೆಂಡತಿಯ ಕಡೆ ಹೊರಳಿದ.

"ಲಿಂಗ ಮುಟ್ಟಿ ಕೊಟ್ಟ ಮಾತು ಮುರದಿ? ಇನ್ನ ಲಗಮಪ್ಪಗ ನಾ ಹೆಂಗ ಮಾರಿ ತೋರಸಲಿ?"

ಮಧ್ಯಾಹ್ನ ಲಗಮಪ್ಪ ಕೈ ಕೊಟ್ಟಾಗ ಬರದ ಅಳು ಗುರುಸಿದ್ದವ್ವನಿಗೆ ಈಗ ಒತ್ತರಿಸಿ ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಮುರದೇನ್ರಿ," ಎಂದಳು. "ಅದಕ್ಕ ನೀವು ನನ್ನ ಬೈಯಾಕ ಉಳದೀರಿ."