ಹೊನ್ನವ್ವನ ಹೊಲದ ಜೇನು

ಜಕ್ಕಲಿಯ ಹೂವಪ್ಪ ಬೇಲಿಗೆಂದು ತನ್ನ ಹೊಲದ ಬಾರಿಗಿಡದ, ಅಂದರೆ ಬೋರೆಗಿಡದ, ಮುಳ್ಳುಕಂಟಿ ಕಡಿಯುತ್ತಿದ್ದಾಗ ಒಳಗಿದ್ದ ಜೇನುಹುಟ್ಟಿಗೆ ಕೊಡಲಿ ತಗುಲಿತು. ಮನೆ ಸೇರುವಷ್ಟರಲ್ಲಿ ಅವನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ದವಾಖಾನೆಗೆ ಹೋಗಿ ಬಂದ ಮೇಲೆ ಬಾವು ಇಳಿಯಿತು. ಹೆಂಡತಿ ಹೊನ್ನವ್ವನ ಸಿಟ್ಟು ಮಾತ್ರ ಇಳಿಯಲಿಲ್ಲ. ಮರುದಿನ ಡೀಸೆಲ್ ಬಾಟಲಿ, ಹಳೇ ಅರಿವೆ ಹಿಡಿದು ಹೊಲಕ್ಕೆ ಹೊರಟೇಬಿಟ್ಟಳು.

ದಾರಿಯಲ್ಲಿ ಪಕ್ಕದ ಹೊಲದ ಮುಬೀನಾ ಎದುರಾದಳು. ತರಬೇತಿ ಪಡೆದು ಪೆಟ್ಟಿಗೆಯಲ್ಲಿ ಜೇನು ಸಾಕಿದವಳು.

“ಡೀಸೆಲ್ ಯಾಕ್ರಿ ಅಕ್ಕಾ?”

“ಆ ಹುಳಾ ಸುಟ್ಟ ಬರ್ತೀನಿ. ನನ್ನ ಗಂಡನ ಕಣ್ಣ ಹೋಗತಿತ್ತು!”

“ಅಣ್ಣಾರ ಕೊಡ್ಲಿ ಬಿದ್ದಿದ್ದು ಅವುಗಳ ಮನಿಗೆ ಅಲ್ಲೇನ್ರಿ? ಒಳಗ ಮರಿ ಇರ್ತಾವ. ರಾಣಿ ತತ್ತಿ ಇಡ್ತೈತಿ. ಕೆಲಸದ ಹುಳಾ ಎಲ್ಲಾ ಹೆಣ್ಣ. ಅದರಾಗ ಕೆಲವು ಮರಿಗೆ ಉಣಸ್ತಾವ, ಕೆಲವು ಮೇಣದ ಗೂಡ ಕಟ್ತಾವ. ಹಿರೇವು ಹೂವಿನ ರಸಾ ತರ್ತಾವ. ಅದನ್ನ ಬಾಯಿಂದ ಬಾಯಿಗೆ ದಾಟಿಸಿ, ಗೂಡಿನ್ಯಾಗ ತುಂಬಿ, ರೆಕ್ಕಿಲೆ ಗಾಳಿ ಬೀಸಿ ನೀರಾರಸ್ತಾವ. ಗಟ್ಟಿ ಆತಂದ್ರ ಮ್ಯಾಲೆ ಮೇಣದ ಮುಚ್ಚಳಾ. ಅದ ಜೇನತುಪ್ಪಾ.”

“ಅಷ್ಟ ಹೆಂಗಸರು ಒಂದ ಮನ್ಯಾಗ! ಜಗಳಾ ಇಲ್ಲೇನ?” ಹೊನ್ನವ್ವನಿಗೆ ಸಿಟ್ಟಿನಲ್ಲೂ ನಗು ಬಂತು. “ಇರ್ಲಿ ಬಿಡ. ಅದರಿಂದ ನನಗೇನ ಬಂತು?”

“ಬರ್ರಿ, ತೋರಸ್ತೀನಿ.”

ಮುಬೀನಾಳ ಹೊಲದಲ್ಲಿ ಸೂರ್ಯಪಾನ, ಅಂದರೆ ಸೂರ್ಯಕಾಂತಿ, ಕೊಯ್ಲಿಗೆ ಬಂದಿತ್ತು. ಒಂದು ತೆನೆಗೆ ಸೊಳ್ಳೆಪರದೆಯ ಚೂರು ಕಟ್ಟಿತ್ತು. “ಹೂ ಅರಳೂಕಿಂತ ಮೊದ್ಲ ಕಟ್ಟಿದ್ದೆ. ಜೇನು ಮುಟ್ಟಿಲ್ಲ. ಕೈ ಹಾಕಿ ನೋಡ್ರಿ.”

ಹೊನ್ನವ್ವ ತೆನೆ ತಿಕ್ಕಿದಳು. ಅಂಗೈ ತುಂಬ ಬರೀ ಜೊಳ್ಳು. ಪಕ್ಕದ ತೆನೆ ತಿಕ್ಕಿದಳು. ಗಟ್ಟಿ ಕಾಳು ಬಳಬಳನೆ ಉದುರಿದವು. ಅವಳು ತನ್ನ ಹೊಲದ ಕಡೆ ತಿರುಗಿ ನೋಡಿದಳು. ಅಲ್ಲಿ ಹೂ ಈಗಷ್ಟೇ ಅರಳಿತ್ತು.

“ಅಯ್ಯ ಶಿವನ! ಇವರು ನಾಳೆ ಮುಂಜಾನೆ ಬೆಳಿಗೆ ಕೀಟನಾಶಕದ ಎಣ್ಣಿ ಹೊಡಿಬೇಕಂದಾರಲ್ಲ!”

“ಹೂ ಇದ್ದಾಗ ಬ್ಯಾಡ್ರಿ. ಹೊಡಿಲೇಬೇಕಂದ್ರ ಕೃಷಿ ಇಲಾಖೆಯವರನ್ನ ಕೇಳಿ, ಸಂಜಿಮುಂದ, ಜೇನು ಮನಿ ಸೇರಿದಮ್ಯಾಲೆ.”

ಹೊನ್ನವ್ವ ಮನೆಗೆ ಬಂದು ಡೀಸೆಲ್ ಬಾಟಲಿಯನ್ನು ಮೂಲೆಗಿಟ್ಟಳು. “ಬಾರಿಗಿಡದ ತಂಟೆಕ ಹೋಗಬ್ಯಾಡ್ರಿ. ಬೇಲಿಗೆ ಜಾಲಿಕಂಟಿ ತಂದ್ರಾತು,” ಎಂದು ಗಂಡನಿಗೆ ಎಲ್ಲ ಹೇಳಿದಳು.

“ಮುಂಜಾನೆ ಸುಡ್ತೀನಂದಾಕಿ ನೀನ ಹೌದಲ್ಲ?” ಎಂದು ಹೂವಪ್ಪ ನಕ್ಕ. ಮರುದಿನ ಎಣ್ಣೆ ಹೊಡೆಯಲಿಲ್ಲ. ಆ ವರ್ಷ ಅವರ ತೆನೆಗಳೂ ಭಾರಕ್ಕೆ ಬಾಗಿದವು.

ರೈತ ಬಂಧುಗಳೇ, ತಾಯಂದಿರೇ, ಜೇನುಹುಟ್ಟಿಗೆ ಬೆಂಕಿ ಇಡಬೇಡಿ, ಕಲ್ಲು ಎಸೆಯಬೇಡಿ. ಮನೆ ಹತ್ತಿರ ಕಟ್ಟಿ ಭಯವಾದರೆ ಜೇನು ಸಾಕುವವರನ್ನು ಕರೆಯಿರಿ. ಹೂವಾಡುವ ಹೊಲಕ್ಕೆ ಹಗಲಿನಲ್ಲಿ ಎಣ್ಣೆ ಹೊಡೆಯಬೇಡಿ. ನಿಮ್ಮ ಬೆಳೆಗೆ ಕಾಳು ಕಟ್ಟಿಸುವವರು ಬದುಕಿರಲಿ.