ಗಾಳಿ ಸೋಕಿದವಳು

"ಇದನ್ನ ನನ್ನ ಕಣ್ಣಿಗೆ ಬೀಳದ ಹಾಗೆ ಎಲ್ಲಾದ್ರೂ ಇಟ್ಬಿಡಿ, ಅತ್ತೆ" ಎಂದು ಗುಂಡಿಯಕ್ಕ ಕತ್ತರಿಯನ್ನು ಅತ್ತೆಯ ಕೈಗೆ ಕೊಟ್ಟಳು.

ಬಟ್ಟೆ ಹೊಲಿದು ಬದುಕುವವಳು ಆಡುವ ಮಾತೇ ಇದು? ಅಂಗಿ ಹರಿದರೂ ಅವಳು ಹಾಕಿದ ಗುಂಡಿ ಕಿತ್ತು ಬಾರದೆಂದು ಓಣಿಯವರು ಇಟ್ಟ ಹೆಸರು ಗುಂಡಿಯಕ್ಕ. ಅತ್ತೆ ಕತ್ತರಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಯಾಕೆ, ಮೊಂಡಾಗಿದೆಯಾ?"

"ಇಲ್ಲ."

"ಮತ್ತೆ? ಇನ್ಮೇಲೆ ಇಲಿ ಸಾಕ್ಕೊಂಡು ಬಟ್ಟೆ ಕತ್ತರಿಸ್ತೀಯೇನು?"

"ಪುಟ್ಟಿ ಮಲಗಿದ್ದಾಗ ಕೊಡಿ. ಎದ್ದಿದ್ದಾಗ ಬೇಡ."

ಅತ್ತೆಯ ಮುಖದ ನಗು ಇಳಿದುಹೋಯಿತು. ಅಟ್ಟದ ಮೇಲಿನ ಖಾಲಿ ಡಬ್ಬಿಯೊಳಗೆ ಕತ್ತರಿ ಇಟ್ಟು ಮುಚ್ಚಳ ಒತ್ತಿದರು. ಅಂದಿನಿಂದ ಗುಂಡಿಯಕ್ಕ ದಾರವನ್ನು ಹಲ್ಲಿನಲ್ಲೇ ಕಡಿಯತೊಡಗಿದಳು.

ಆದದ್ದು ಇಷ್ಟು. ಎರಡು ವರ್ಷದ ಪುಟ್ಟಿ ಎಂದಿನಂತೆ ಬಂದು ಅವಳ ಮೊಣಕಾಲಿಗೆ ಆತುಕೊಂಡಿದ್ದಳು. ಗುಂಡಿಯಕ್ಕನ ಬಲಗೈಯಲ್ಲಿ ಕತ್ತರಿಯಿತ್ತು. ಇದ್ದಕ್ಕಿದ್ದಂತೆ, ಯಾರೋ ಕಿವಿಯಲ್ಲಿ ಊದಿದ ಹಾಗೆ, 'ಈ ಕೈ ಏನು ಬೇಕಾದರೂ ಮಾಡೀತು' ಎಂಬ ಯೋಚನೆಯೊಂದು ಬಂತು. ಎದೆ ಒನಕೆಯಂತೆ ಕುಟ್ಟಿತು, ಅಂಗೈ ಬೆವರಿತು. ಮಗು ಕಿಲಕಿಲ ನಗುತ್ತಿತ್ತು. ತಾಯಿಗೆ ಮಾತ್ರ ತನ್ನ ಕೈ ತನ್ನದಲ್ಲ ಎನಿಸಿತು. ಮರುದಿನವೂ ಬಂತು, ಅದರ ಮರುದಿನವೂ.

ಅವರ ಮನೆ ಮಹಡಿಯ ಮೇಲೆ. ಹೊಳೆಯ ಸೇತುವೆ ಬಿರುಕು ಬಿಟ್ಟು ಮುಚ್ಚಿದ ಮೇಲೆ ಲಾರಿಗಳೆಲ್ಲ ಕೆಳಗಿನ ಓಣಿಯಲ್ಲೇ ನುಗ್ಗುತ್ತಿದ್ದವು. ಒಂದು ಕೆಮ್ಮಿ ನಿಂತರೆ ಹಿಂದಿನ ಹತ್ತೂ ಕೆಮ್ಮುತ್ತ ನಿಲ್ಲಬೇಕು. ಹೊಗೆ ಗೋಡೆ ಹಿಡಿದು ಮೇಲೇರಿ ಅವಳ ಕಿಟಕಿಗೇ ಬರುತ್ತಿತ್ತು. ಬೆಳಕಿಗೆಂದು ಹೊಲಿಗೆ ಯಂತ್ರವನ್ನು ಇಟ್ಟದ್ದೂ ಅದೇ ಕಿಟಕಿಯ ಬಾಯಲ್ಲಿ. ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆ ಮಧ್ಯಾಹ್ನಕ್ಕೆ ಮಸಿ. ಆಸ್ಪತ್ರೆಗೆ ಹೊಲಿಯುತ್ತಿದ್ದ ಬಿಳಿ ದಿಂಬಿನ ಚೀಲ ಹೊಲಿದು ಮುಗಿಯುವುದರೊಳಗೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ತಲೆ ಸಿಡಿಯುತ್ತಿತ್ತು, ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಉಸಿರೆಂಬುದು ಬೇಡದೆ ಸಿಗುವ ಭಿಕ್ಷೆ; ಕೊಡುವ ದೇವರು ಎಣಿಸುವುದಿಲ್ಲ, ಪಡೆಯುವ ನಾವು ಪಾತ್ರೆಯೊಳಗೆ ಇಣುಕಿ ನೋಡುವುದಿಲ್ಲ. ಗುಂಡಿಯಕ್ಕನೂ ನೋಡಲಿಲ್ಲ. ಬಟ್ಟೆಗೆ ಮಸಿ ಹತ್ತಿತೆಂದು ಮರುಗಿದಳು, ಅಷ್ಟೆ.

ಕೊನೆಗೆ ಅತ್ತೆಯೇ ಬಾಯಿ ಬಿಟ್ಟರು. "ನಿಂಗೆ ಗಾಳಿ ಸೋಕಿದೆ ಕಣೇ."

ಗುಂಡಿಯಕ್ಕ ಹೊಲಿಗೆ ನಿಲ್ಲಿಸಿದಳು.

"ನಮ್ಮ ಚಿಕ್ಕಮ್ಮಂಗೂ ಹೀಗೇ ಗಾಳಿ ಮೆಟ್ಟಿಕೊಂಡಿತ್ತು. ಸುಮ್ಮಸುಮ್ಮನೆ ಬೆಚ್ಚೋಳು. ಕೈಗೂಸನ್ನ ಕಿತ್ತುಕೊಂಡು ನಾದಿನಿ ಮಡಿಲಿಗೆ ಹಾಕಿದ್ರು. ಆಮೇಲೆ ಆ ಮಗು ಅವಳನ್ನ ಅಮ್ಮ ಅನ್ನಲೇ ಇಲ್ಲ." ಅತ್ತೆ ದನಿ ತಗ್ಗಿಸಿದರು. "ಯಾರ ಮುಂದೂ ಉಸಿರೆತ್ತಬೇಡ."

ಅಷ್ಟಕ್ಕೇ ನಿಲ್ಲಲಿಲ್ಲ. ಗಾಳಿ ಬರುವುದು ಮರದಿಂದಲ್ಲವೇ? ಹಿತ್ತಿಲಿಗೆ ಇಳಿಯುವ ಮೆಟ್ಟಿಲ ಬಾಗಿಲಿನಾಚೆ ದೊಡ್ಡ ಮರವೊಂದಿತ್ತು. ಅತ್ತೆ ಆ ಬಾಗಿಲನ್ನು ಭದ್ರವಾಗಿ ಹಾಕಿ, ಸಂದಿಗೆಲ್ಲ ಚಿಂದಿ ತುರುಕಿದರು. ಲಾರಿಗಳ ಕಡೆಯ ಕಿಟಕಿ ಮಾತ್ರ ತೆರೆದೇ ಇತ್ತು. ಹೊಲಿಗೆಗೆ ಬೆಳಕು ಬೇಡವೇ?

ಗುಂಡಿಯಕ್ಕನ ಭಯ ದುಪ್ಪಟ್ಟಾಯಿತು. ಗಂಡ ದೂರದಲ್ಲಿ ರಸ್ತೆ ಕೆಲಸಕ್ಕೆ ಹೋಗಿದ್ದವನು, ತಿಂಗಳಿಗೊಮ್ಮೆ ಬರುವವನು. ಈ ಸಲ ಬಂದವನು ಮಗುವನ್ನು ಎತ್ತಿಕೊಂಡೇ ಹೋಗಿಬಿಟ್ಟರೆ? ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಕೇಳಿದರೂ ಪುಟ್ಟಿಯನ್ನು ಅಪ್ಪಿಕೊಳ್ಳುವಳು. ಅಪ್ಪಿಕೊಂಡೊಡನೆ ತನ್ನ ಕೈಗಳಿಗೇ ಹೆದರಿ ಬಿಟ್ಟುಬಿಡುವಳು.

ಅಷ್ಟರಲ್ಲಿ ಪುಟ್ಟಿಗೆ ಕೆಮ್ಮು ಹತ್ತಿತು. ಮೂವರೂ ಡಾಕ್ಟರಮ್ಮನ ಬಳಿಗೆ ಹೋದರು. ಡಾಕ್ಟರಮ್ಮ ಮಗುವಿನ ಬೆನ್ನಿಗೆ ಕೊಳವೆ ಇಟ್ಟು ಕೇಳುತ್ತ, ತಲೆಯೆತ್ತದೆ ಪ್ರಶ್ನಿಸಿದರು:

"ಮನೇಲಿ ಗಾಳಿ ಹೇಗಿದೆಯಮ್ಮಾ?"

ಗುಂಡಿಯಕ್ಕನ ಜೀವ ಬಾಯಿಗೆ ಬಂತು. ಅತ್ತೆಯ ಕಡೆ ತಿರುಗಿದಳು. ಇವರೇ ಹೇಳಿರಬೇಕು!

"ಇಲ್ಲ ಡಾಕ್ಟರಮ್ಮಾ! ನಂಗೆ ಗಾಳಿಗೀಳಿ ಏನೂ ಇಲ್ಲ. ಕತ್ತರಿ ಡಬ್ಬೀಲಿ ಇಟ್ಟಿದೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ಮಗೂನ ಮಾತ್ರ ಕಿತ್ಕೋಬೇಡಿ!"

ಡಾಕ್ಟರಮ್ಮ ಕಿವಿಯಿಂದ ಕೊಳವೆ ತೆಗೆದರು. "ಯಾವ ಕತ್ತರಿ?"

"ಅಯ್ಯೋ, ಬಾಯಿಬಡುಕಿ!" ಎಂದು ಅತ್ತೆ ಹಣೆ ಚಚ್ಚಿಕೊಂಡರು. "ನಾನು ಒಂದಕ್ಷರ ಹೇಳಿಲ್ಲ ಕಣೇ!"

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಗುಂಡಿಯಕ್ಕ ಅಳುತ್ತಲೇ ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ನಡುವೆ ಬಾಯಿ ಹಾಕದೆ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಇಟ್ಟರು.

"ಆ ಯೋಚನೆ ಬಂದಾಗ ಹಾಗೆ ಮಾಡಬೇಕು ಅನ್ಸುತ್ತಾ, ಇಲ್ಲಾ ಹೆದರಿಕೆ ಆಗುತ್ತಾ?"

"ಸತ್ತುಹೋಗೋಷ್ಟು ಹೆದರಿಕೆ ಆಗುತ್ತೆ."

"ಅದಕ್ಕೇ ಕತ್ತರಿ ಬಚ್ಚಿಟ್ರಿ. ಮಗೂನ ಕಾಯೋರು ಮಾಡೋ ಕೆಲಸ ಅದು. ಯಾರೂ ನಿಮ್ಮ ಮಗೂನ ಕಿತ್ಕೊಳ್ಳಲ್ಲ. ಇದು ಕಾಯಿಲೆ, ಔಷಧಿ ಇದೆ. ಯೋಚನೆ ಜೋರಾದ್ರೆ, ಬೇರೆ ಥರ ಆದ್ರೆ, ತಕ್ಷಣ ಇಲ್ಲಿಗೆ ಬರಬೇಕು." ಅವರು ತುಸು ನಕ್ಕರು. "ಇನ್ನು ನಾನು ಕೇಳಿದ್ದು ಉಸಿರಾಡೋ ಗಾಳೀನ. ಮಗು ಎದೇಲಿ ಹೊಗೆ ಕೂತಿದೆ."

ಲಾರಿ, ಕಿಟಕಿ, ದಿಂಬಿನ ಚೀಲ, ಚಿಂದಿ ತುರುಕಿದ ಹಿತ್ತಿಲ ಬಾಗಿಲು ಎಲ್ಲದರ ಕಥೆ ಆಗ ಹೊರಬಂತು.

"ಅದರಿಂದಲೇ ಇವಳಿಗೆ ಹೀಗಾಯ್ತಾ?" ಅತ್ತೆ ಕೇಳಿದರು.

"ಅದೊಂದರಿಂದಲೇ ಅಂತ ಹೇಳಲಾರೆ. ನಿದ್ದೆ ಇಲ್ಲ, ದುಡಿತ ಹೆಚ್ಚು, ಅದೂ ಇದೆ. ಆದರೆ ಕೆಟ್ಟ ಗಾಳಿ ಎದೇಲೇ ನಿಲ್ಲಲ್ಲ, ಮನಸ್ಸನ್ನೂ ಹಿಂಡಬಹುದು."

ಅತ್ತೆ ಗದ್ದಕ್ಕೆ ಕೈ ಹಚ್ಚಿದರು. "ನಾನು ಹೇಳಿದ್ದೂ ಅದೇ ಆಯ್ತಲ್ಲ. ಕಣ್ಣಿಗೆ ಕಾಣಲ್ಲ, ಒಳಗೆ ಹೊಕ್ಕೊಂಡು ಆಡಿಸ್ತದೆ."

"ಗಾಳಿ ಸರಿ ಅಜ್ಜೀ. ನೀವು ಹಾಕಿದ ಬಾಗಿಲು ಮಾತ್ರ ತಪ್ಪು."

ಮನೆಗೆ ಬಂದವರೇ ಅತ್ತೆ ಸಂದಿಯ ಚಿಂದಿಗಳನ್ನು ಕಿತ್ತೆಸೆದು ಹಿತ್ತಿಲ ಬಾಗಿಲು ತೆರೆದರು. "ಬಾ ತಂದೆ, ನಿನ್ನನ್ನೇ ಹೊರಗಿಟ್ಟಿದ್ದೆ" ಎಂದು ಮರದ ಕಡೆಗೆ ಕೈಮುಗಿದರು. ಓಣಿಯ ಕಿಟಕಿ ಮುಚ್ಚಿತು. ಅತ್ತೆ ಸೊಸೆ ಸೇರಿ ಯಂತ್ರವನ್ನು ಎಳೆದು ಆ ಬಾಗಿಲ ಬಳಿ ಇಟ್ಟರು. ಬೆಳಕು ಕಡಿಮೆ, ಸೂಜಿಗೆ ದಾರ ಪೋಣಿಸುವುದೇ ಒಂದು ತಪಸ್ಸು.

ಅತ್ತೆ ಡಬ್ಬಿ ಇಳಿಸಿ ಮುಚ್ಚಳ ತೆಗೆದರು. ಪುಟ್ಟಿಯನ್ನು ತಮ್ಮ ತೊಡೆಯ ಮೇಲೆ ಕೂರಿಸಿಕೊಂಡು, ಕತ್ತರಿಯ ಹಿಡಿಯನ್ನು ಸೊಸೆಯತ್ತ ಚಾಚಿದರು.

ಗುಂಡಿಯಕ್ಕ ನೋಡಿದಳು. ಅಂಗೈ ಬೆವರಿತು. "ಅತ್ತೆ, ಬಂತು" ಎಂದಳು.

"ಬರಲಿ. ನಾನಿಲ್ಲೇ ಇದೀನಿ. ಹಲ್ಲಲ್ಲಿ ಕಚ್ಚಿ ಕಚ್ಚಿ ಹಲ್ಲೂ ಹೋದ್ರೆ ನನ್ನ ಜೊತೆ ಗಂಜಿಗೆ ಪಾಲು ಕೇಳ್ತೀಯ. ತಗೋ."

ಗುಂಡಿಯಕ್ಕ ತಗೊಂಡಳು. ಕೆಳಗೆ ಲಾರಿಗಳ ಸಾಲು ಗುರ್ರೆನ್ನುತ್ತ ಇನ್ನೂ ನಿಂತೇ ಇತ್ತು. ಮುಚ್ಚಿದ ಕಿಟಕಿ ಅದಕ್ಕೆ ನಡುಗುತ್ತಿತ್ತು. ಉಸಿರು ಕೊಟ್ಟವನನ್ನು ನೆನೆದು ಒಮ್ಮೆ ಉಸಿರೆಳೆದು, ದಾರಕ್ಕೆ ಕತ್ತರಿ ತಾಗಿಸಿದಳು. ಕಚ್ ಎಂದಿತು.

"ಅಮ್ಮಾ," ಎಂದಿತು ಮಗು, "ಇನ್ನೊಂದು."