ಅಜ್ಜಿಯ ಹೊಟ್ಟೆಯಲ್ಲಿ ನೀಲಿ ನೂಲು

ಕಂಪ್ಯೂಟರಿನ ತೆರೆಗೆ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡ್ ಬಿಚ್ಚುವ ಮೊದಲು ಅವಳು ಉಸಿರು ಬಿಗಿಹಿಡಿಯುತ್ತಿದ್ದಳು. ಯಾರದೋ ಸಿಗರೇಟಿನ ಜಿಡ್ಡು, ಯಾರದೋ ತಲೆಗೂದಲು, ಒಣಗಿದ ಜಿರಳೆಯ ಕಾಲು, ಎಲ್ಲವೂ ಒಂದಕ್ಕೊಂದು ಅಂಟಿ ಬೂದು ಕಂಬಳಿಯ ಹಾಗೆ ಎದ್ದು ಬರುತ್ತಿದ್ದವು. ಆದರೂ ಕೈ ನಿಲ್ಲುತ್ತಿರಲಿಲ್ಲ.

ಹೊಸ ಕಾರ್ಡು ಬಂದಾಗಲೆಲ್ಲ ಅದನ್ನು ಹಿಂದಿನ ತಲೆಮಾರುಗಳ ಜೊತೆ ಓಡಿಸಿ, ಯಾವುದು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಎಂದು ನೇರಪ್ರಸಾರದಲ್ಲಿ ತೋರಿಸುವುದು ಅವಳ ಭಾವನ ಕಸುಬು. ಮಾತೆಲ್ಲ ಅವನದು, ಕೈ ಅವಳದು. ತೆರೆಯ ಮೇಲೆ ಅವಳ ಮುಖ ಒಮ್ಮೆಯೂ ಬಂದಿರಲಿಲ್ಲ, ಮೊಣಕೈವರೆಗಿನ ಎರಡು ಕೈ ಮಾತ್ರ. ನೋಡುವವರು ಅವಳಿಗೆ ‘ಕೈಯಕ್ಕ’ ಎಂದು ಹೆಸರಿಟ್ಟಿದ್ದರು. ಹೋದ ತಿಂಗಳು ಕೆಳಮಹಡಿಯಲ್ಲಿ ಕಂಪ್ಯೂಟರಿನಲ್ಲಿ ಮನೆಗಳ ನಕ್ಷೆ ಬಿಡಿಸುವ ನಕ್ಷೆಗಾರ ಅವಳನ್ನು ಮೆಟ್ಟಿಲಲ್ಲಿ ನಿಲ್ಲಿಸಿ, ಚೆನ್ನಾಗಿದ್ದ ಹಳೇ ಕಾರ್ಡು ಎಸೆದು ಹೊಸದು ಹಾಕಿಸಿದೆ ಎಂದಿದ್ದ.

“ನಿಮ್ಮ ಭಾವನ ಮಾತಿಗಲ್ಲ. ನಿಮ್ಮ ಕೈ ನೋಡಿ ನಂಬಿದ್ದು,” ಎಂದಿದ್ದ.

ಅವತ್ತು ಅವಳ ಮುಖ ಕಿವಿಯವರೆಗೂ ಕೆಂಪೇರಿತ್ತು.

ಪರೀಕ್ಷೆಗೆ ಅವಳದೇ ಕಟ್ಟುನಿಟ್ಟು ಇತ್ತು. ಎಲ್ಲ ಕಾರ್ಡುಗಳ ಧೂಳು ತೆಗೆಯಬೇಕು, ಕೋಣೆಯ ಸೆಕೆ ಎಲ್ಲಕ್ಕೂ ಒಂದೇ ಇರಬೇಕು, ಕಾರ್ಡು ಇನ್ನೂ ತಣ್ಣಗಿರುವ ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬಾರದು. ಆ ದಿನ ಮೂರು ತಲೆಮಾರಿನ ಕಾರ್ಡುಗಳಿದ್ದವು. ಮನೆಯಲ್ಲಿ ಅವನ್ನು, ಹಳೆಯದರಿಂದ ಹೊಸದಕ್ಕೆ, ಅಜ್ಜಿ, ಅಮ್ಮ, ಮೊಮ್ಮಗಳು ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಅವಳೊಬ್ಬಳೇ ಓಡಿಸಿ ನೋಡಿದಾಗ ಮೊಮ್ಮಗಳು ಸೆಕೆಂಡಿಗೆ ತೊಂಬತ್ತೇಳು ಚಿತ್ರ, ಅಮ್ಮ ತೊಂಬತ್ತು, ಅಜ್ಜಿ ಎಂಬತ್ತನಾಲ್ಕು. ಅಜ್ಜಿ ಪರವಾಗಿಲ್ಲವೇ ಎಂದು ಅವಳಿಗೆ ನಗು ಬಂತು.

ಊಟ ಮುಗಿಸಿ ಬಂದು ಅಜ್ಜಿಯನ್ನು ಎತ್ತಿಕೊಂಡರೆ, ಫ್ಯಾನಿನ ರೆಕ್ಕೆಗಳ ಹಿಂದೆ ಏನೋ ಬೂದು ಬಣ್ಣದ್ದು ಕಂಡಿತು. ಬೆಳಿಗ್ಗೆ ತಾನೇ ತೊಳೆದಷ್ಟು ಚೊಕ್ಕ ಮಾಡಿಟ್ಟಿದ್ದಳು. ಚಿಮುಟ ಹಾಕಿ ಎಳೆದಳು. ಧೂಳಿನ ಮುದ್ದೆ, ಒದ್ದೆ ಬೆಕ್ಕಿನ ಬಾಲದ ಹಾಗೆ, ಉದ್ದಕ್ಕೆ ಬಂತು. ಅದರ ನಡುವೆ ನೀಲಿ ನೂಲಿನ ಎಳೆಗಳು. ತನ್ನ ಹಳೇ ಸ್ವೆಟರು ಕತ್ತರಿಸಿ ಮಾಡಿಕೊಂಡಿದ್ದ ಒರೆಸುಬಟ್ಟೆಯ ನೂಲು! ಆ ಬಟ್ಟೆ ಈ ಮೇಜು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಮೇಜಿನ ಕಸ ಹೀರುವ ಯಂತ್ರದ ಚೀಲ ಮೂಲೆಯಲ್ಲಿ ಬಾಯಿ ಬಿಚ್ಚಿಕೊಂಡು ಬಿದ್ದಿತ್ತು.

ಅವಳು ಕಪಾಟು ತೆರೆದಳು. ಹಿಂದಿನ ಪ್ರಸಾರಗಳಲ್ಲಿ ಸೋತ ಹಳೇ ಕಾರ್ಡುಗಳು ಅಲ್ಲಿ ಸಾಲಾಗಿದ್ದವು. ನಕ್ಷೆಗಾರ ಎಸೆದ ಮಾದರಿಯದೂ ಒಂದಿತ್ತು. ಇಣುಕಿದಲ್ಲೆಲ್ಲ ನೀಲಿ ಎಳೆ.

ಭಾವ ಅಂಗಿಯ ಕಾಲರಿಗೆ ಮೈಕು ಸಿಕ್ಕಿಸಿಕೊಳ್ಳುತ್ತ ಬಂದ. ಚಿಮುಟದಲ್ಲಿ ನೇತಾಡುತ್ತಿದ್ದುದನ್ನು ನೋಡಿಯೂ ಅವನಿಗೆ ನಾಚಿಕೆಯಾಗಲಿಲ್ಲ.

“ಅಜ್ಜಿ ಅಜ್ಜಿ ಥರ ಓಡ್ಬೇಕಮ್ಮ. ಮೊಮ್ಮಗಳ ಸಮಕ್ಕೆ ಓಡಿದ್ರೆ ಮೊಮ್ಮಗಳನ್ನ ಯಾರು ಕೊಳ್ತಾರೆ? ಧೂಳು ಯಾರ ಮನೇಲಿ ಇರಲ್ಲ ಹೇಳು. ತುರುಕು ವಾಪಸ್ಸು.”

ಅವಳು ತುರುಕಿದಳು. ತನ್ನ ಬೆರಳನ್ನೇ ಗಂಟಲಿಗೆ ಹಾಕಿಕೊಂಡ ಹಾಗಾಯಿತು.

ಪ್ರಸಾರ ಶುರುವಾಯಿತು. ಅಜ್ಜಿ ಕಾದು ಕೆಂಡವಾಗಿ, ಏದುಸಿರು ಬಿಡುತ್ತ ಅರವತ್ತೊಂದಕ್ಕೆ ನಿಂತಳು. ಪಾಪ, ವಯಸ್ಸಾಯಿತು, ಇನ್ನು ಮೂಲೆ ಸೇರಿಸಿ ಎಂದು ಭಾವ ನಗಾಡಿದ. ತೆರೆಯ ಅಂಚಿನಲ್ಲಿ ಯಾರೋ ಬರೆದರು: ನನ್ನದೂ ಅದೇ, ನಾಳೆಯೇ ಬದಲಾಯಿಸುತ್ತೇನೆ, ಕೈಯಕ್ಕ ತೋರಿಸಿದ ಮೇಲೆ ಮುಗಿಯಿತು.

ಕ್ಯಾಮೆರಾದ ಕೆಳಗೆ ಕೈಗಳು ಕಂಪ್ಯೂಟರಿನ ಸ್ವಿಚ್ಚು ಆರಿಸಿದವು. ಅಜ್ಜಿಯನ್ನು ಕಳಚಿದವು, ನಾಲ್ಕು ಸ್ಕ್ರೂ ಬಿಚ್ಚಿದವು, ಮುದ್ದೆಯನ್ನು ಬಿಳಿ ಹಾಳೆಯ ಮೇಲೆ ಹರವಿದವು. ಮತ್ತೆ ಜೋಡಿಸಿ ಎರಡು ಸಲ ಓಡಿಸಿದವು. ಎಂಬತ್ತನಾಲ್ಕು.

ಭಾವ ಮರುಕ್ಷಣವೇ, ಸ್ನಾನ ಮಾಡಿಸಿದರೆ ಅಜ್ಜಿಯೂ ಹೇಗೆ ಓಡುತ್ತಾಳೆಂದು ತೋರಿಸಲೆಂದೇ ಹೀಗೆ ಮಾಡಿದೆವು ಎಂದು ಬೆಣ್ಣೆಯಂತೆ ಮಾತು ಜಾರಿಸಿದ.

ಧೂಳಿಗಿಂತ ಆ ಮಾತು ಅವಳಿಗೆ ಹೆಚ್ಚು ಅಸಹ್ಯವಾಯಿತು. ಕಪಾಟಿನಿಂದ ಉಳಿದ ಕಾರ್ಡುಗಳನ್ನು ತಂದು ಒಂದೊಂದರಿಂದಲೂ ನೂಲು ಎಳೆದಳು. ಎಲ್ಲವನ್ನೂ ಸಾಲಾಗಿಟ್ಟು ಪಕ್ಕದಲ್ಲಿ ನೀಲಿ ಬಟ್ಟೆ ಹಾಸಿದಳು. ಮೊದಲ ಬಾರಿಗೆ ಅವಳ ದನಿ, ಸಣ್ಣಗೆ, ಭಾವನ ಮೈಕಿನಲ್ಲಿ ಕೇಳಿಸಿತು.

“ಈ ಧೂಳು ನಮ್ಮ ಮೇಜಿಂದು. ನಾವೇ ತುಂಬಿದ್ದು. ಇವತ್ತಿನದನ್ನ ನನ್ನ ಕೈಯಾರೆ ತುಂಬಿದೆ.”

ಭಾವ ಪ್ರಸಾರದ ತಂತಿ ಕಿತ್ತ. ಅವನು ಅಂದಿದ್ದನ್ನೆಲ್ಲ ಕೇಳಲು ಅವಳು ಅಲ್ಲಿ ನಿಲ್ಲಲಿಲ್ಲ. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಹಚ್ಚಿ ತೊಳೆದಳು, ಉಗುರಿನ ಸಂದಿಯನ್ನೂ ಉಜ್ಜಿದಳು. ಸುಟ್ಟ ಧೂಳಿನ ವಾಸನೆ ಹೋಗಲಿಲ್ಲ. ಅಷ್ಟರಲ್ಲಿ ಯಾರೋ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು. ಪ್ರಸಾರ ನೋಡಿದ ನಕ್ಷೆಗಾರನೇ ಇರಬೇಕು. ಭಾವ, ತೆಗೆಯಬೇಡ ಎಂದು ಸನ್ನೆ ಮಾಡಿದ.

ಅವಳು ಒದ್ದೆ ಕೈಯಲ್ಲೇ ಹೋಗಿ ಚಿಲಕ ತೆಗೆದಳು.